ನಂಜಮ್ಮ ಕಂದಾಯ ಉಳಿಸಿದ ಹಾಗೆ

ನಂಜಮ್ಮನವರೇ, ಬೀದಿಯ ಕಂದಾಯ ಇಳಿಸಿ ಎಂದು ನೀವು ಕೇಳಲಿಲ್ಲ. ಇಳಿಸಿದವನು ನಾನು. ನೀವೇ ಕೇಳಿದಿರಿ ಎಂದು ನಾಲ್ಕು ಜನರ ಮುಂದೆ ಹೇಳಿದವನೂ ನಾನೇ. ಇಷ್ಟನ್ನು ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಬೇಕಾಯಿತು, ಅದೂ ನೀವು ಕೇಳಿಸಿಕೊಳ್ಳಲಾರದ ಜಾಗಕ್ಕೆ ಹೋದ ಮೇಲೆ — ಹೇಡಿಗೆ ಧೈರ್ಯ ಬರುವುದು ಎದುರಿಗೆ ಯಾರೂ ಇಲ್ಲದಾಗಲೇ.

ಓದುವವರಿಗೆ ನಿಮ್ಮ ಪರಿಚಯವಿಲ್ಲ. ನನ್ನ ಪರಿಚಯವೂ ಇಲ್ಲ. ಅದು ಅವರ ಪುಣ್ಯ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಕಾಲ. ನಾನು, ಪುಟ್ಟೇಗೌಡ, ಮೈಸೂರಿನಲ್ಲಿ ಕಂದಾಯಕ್ಕಾಗಿ ಮನೆಗಳ ಬೆಲೆ ಕಟ್ಟುವ ಇನ್ಸ್‌ಪೆಕ್ಟರ್. ಉಳುಮೆ ಬಿಟ್ಟು ಪೇಟೆ ಸೇರಿದ ನಮ್ಮ ಮನೆತನದಲ್ಲಿ ಮೊದಲು ನೌಕರಿ ಹಿಡಿದವನು. ತಲೆಗೆ ಟೋಪಿ, ಓಡಾಡಲು ಸೈಕಲ್ಲು, ಮಾತಿನಲ್ಲಿ ಠೀವಿ. ನೀವು ಕೆಸರೆಯ ಕಡೆಗೆ ಇಳಿಯುವ ತಗ್ಗಿನ ಬೀದಿಯ ಕೊನೆಯ ಮನೆಯಲ್ಲಿ ಎಮ್ಮೆ ಸಾಕಿಕೊಂಡು, ಅಗ್ರಹಾರದ ಮನೆಗಳಿಗೆ ಹಾಲು ಹಾಕುತ್ತಿದ್ದ ಒಂಟಿ ಹೆಂಗಸು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಬೆಂಕಿ. ಬಾಕಿ ಉಳಿಸಿಕೊಂಡವರನ್ನು ನಡುಬೀದಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದಿರಿ. ಹಾಲಿಗೆ ನೀರು ಬೆರೆಸುತ್ತೀರಿ ಎಂಬ ಮಾತೂ ಇತ್ತು — ಬೆರೆಸಿದ್ದರೂ ಬೆರೆಸಿರಬಹುದು. ನಿಮ್ಮನ್ನು ದೇವತೆ ಮಾಡಿ ಕಣ್ಣೀರು ಹಾಕುವ ಯೋಗ್ಯತೆಯೂ ನನಗಿಲ್ಲ.

ಆ ಬೀದಿಯ ಬೆನ್ನಿಗೇ ಮಳೆನೀರಿನ ದೊಡ್ಡ ಮೋರಿ. ಊರ ಮೇಲ್ಭಾಗದ ನೀರೆಲ್ಲ ಅದರಲ್ಲಿ ಇಳಿದು ಬಂದು, ಜೋರು ಮಳೆಯಾದಾಗ ಬೀದಿಗೆ ನುಗ್ಗುತ್ತಿತ್ತು. ಕೊನೆಗೂ ಒಂದು ಏರ್ಪಾಡಾಯಿತು. ಮನೆಗಳ ಬೆಲೆಯನ್ನು ಹೊಸದಾಗಿ ಕಟ್ಟುವುದು. ಅದರಿಂದ ಹೆಚ್ಚುವ ಕಂದಾಯದಲ್ಲಿ ಮೋರಿಯ ಪಕ್ಕ ಕಲ್ಲಿನ ಗೋಡೆ ಎಬ್ಬಿಸುವುದು. ಯಾವ ಬೀದಿಯ ಹಣ ಆ ಬೀದಿಗೇ. ಕಂದಾಯ ಎಷ್ಟು ಏರುತ್ತದೋ ಗೋಡೆ ಅಷ್ಟು ದೂರ ಬರುತ್ತದೆ. ಇದನ್ನು ನಾನೇ ಮನೆಮನೆಗೆ ಹೋಗಿ ವಿವರಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಆದರೆ ಬೆಲೆ ಕಟ್ಟುವವನು ನಾಳೆ ಬರುತ್ತಾನೆ ಎಂದರೆ ಇಂದೇ ಬೀದಿಗೆ ಬೀದಿಯೇ ಬಡವಾಗುತ್ತಿತ್ತು. ಹಿತ್ತಾಳೆ ಹಂಡೆ ಅಟ್ಟ ಸೇರುತ್ತಿತ್ತು, ರೇಡಿಯೋ ಕಂಬಳಿಯೊಳಗೆ ಮಲಗುತ್ತಿತ್ತು, ಹೊಸ ಕುರ್ಚಿಗಳು ಬೇರೆ ಬೀದಿಯ ನೆಂಟರ ಮನೆಗೆ ಹೋಗುತ್ತಿದ್ದವು. ಬಾಡಿಗೆಗಿದ್ದವರು ಒಂದು ದಿನದ ಮಟ್ಟಿಗೆ ಚಿಕ್ಕಪ್ಪನ ಮಕ್ಕಳಾಗಿಬಿಡುತ್ತಿದ್ದರು. ಆ ಬೀದಿಯಲ್ಲಿ ಬಾಡಿಗೆ ಮನೆಗಳ ಸಾಲನ್ನೇ ಹೊಂದಿದ್ದ ನನ್ನ ಮಾವನವರು ಹರಕು ಪಂಚೆ ಉಟ್ಟು ಜಗಲಿಯ ಮೇಲೆ ಕೆಮ್ಮುತ್ತಾ ಕೂತಿದ್ದರು — ಸ್ವಂತ ಅಳಿಯನ ಮುಂದೆ! ನಾನೂ ಕಂಡೂ ಕಾಣದವನ ಹಾಗೆ ಮುಂದೆ ಹೋಗುತ್ತಿದ್ದೆ. ಅದಕ್ಕೆ ದೊಡ್ಡ ಮನಸ್ಸು ಎಂದು ಹೆಸರು. ಪ್ರತಿ ಮನೆಯಲ್ಲೂ ಮಜ್ಜಿಗೆ, ಬಾಳೆಹಣ್ಣು, ಎಲೆಅಡಿಕೆ. ಲಂಚ ಮುಟ್ಟದವನು ಎಂಬ ಹೆಮ್ಮೆ ಬೇರೆ ನನಗೆ.

ನೀವೊಬ್ಬರೇ ಮನೆಗೆ ಸುಣ್ಣ ಬಳಿಸಿದ್ದಿರಿ. ಬಾಗಿಲಲ್ಲಿ ರಂಗೋಲಿ. ಮನೆಯೊಳಗಿದ್ದ ಪಾತ್ರೆಯೆಲ್ಲ ಬೆಳಗಿಸಿಕೊಂಡು ಸಾಲಾಗಿ ಕೂತಿತ್ತು. ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ನಾನಾಗಿ ಎಂದೂ ನೋಡಲು ಹೋಗದಿದ್ದ ಹೊಸ ಹೆಂಚಿನ ಕೊಟ್ಟಿಗೆಯನ್ನು ತೋರಿಸಿದಿರಿ.

“ಇದ್ನೂ ಬರ್ಕೊಳ್ಳಿ ಸ್ವಾಮಿ. ಕಂದಾಯ ಕಟ್ಟೋದು ಕಷ್ಟವೇ ಕಣ್ರೀ. ಆದ್ರೆ ಮಳೆ ಬಂದಾಗೆಲ್ಲ ಎಮ್ಮೆ ಹಗ್ಗ ಹಿಡ್ಕಂಡು ನೀರಲ್ಲಿ ನಿಂತ್ಕೊಳ್ಳೋದು ಅದ್ಕಿಂತ ಕಷ್ಟ. ನಮ್ಮನೇ ಗಂಟ ಗೋಡೆ ಬಂದ್ಬುಡ್ಲಿ. ಎಲ್ರುಗೂ ಸರ್ಯಾಗಿ ಆಕಿ, ಮುಲಾಜು ನೋಡ್ಬೇಡಿ.”

ಸುತ್ತ ನಿಂತಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ನನ್ನ ದೊಡ್ಡ ಮನಸ್ಸು ಬೇಡ ಎಂದ ಮೊದಲನೆಯವರು ನೀವು. ಆದರೂ ನಗುತ್ತಲೇ ಹೇಳಿದೆ: “ಆಯ್ತು ನಂಜಮ್ಮ, ಸರಿಯಾಗೇ ಹಾಕ್ತೀನಿ. ಗೋಡೆ ನಿಮ್ಮನೆ ದಾಟಿ ಹೋಗುತ್ತೆ ಬಿಡಿ.”

ಆ ವಾರವೇ ಮಾವನವರು ಊಟಕ್ಕೆ ಕರೆದರು. ಕೈತೊಳೆಯುವಾಗ ಪಕ್ಕದಲ್ಲಿ ನಿಂತು, “ನಿಮ್ ಕೈಲೇ ಅದೆ ಅಳಿಯಂದ್ರೆ. ನಂದು ಅಂತ ಏನೈತೆ? ಎಲ್ಲಾ ನಾಳೆ ನಿಮ್ಮನೆಗೇ ಬರೋದಲ್ವಾ?” ಎಂದರು. ಅಷ್ಟೇ. ಬೆದರಿಕೆಯಿಲ್ಲ, ಬಲವಂತವಿಲ್ಲ — ಇದ್ದಿದ್ದರೆ ಇವತ್ತು ಅದನ್ನಾದರೂ ಹಿಡಿದುಕೊಳ್ಳುತ್ತಿದ್ದೆ. ಅವರ ಮನೆಗಳ ಬೆಲೆ ಇಳಿಸಿದೆ. ಅವರದೊಂದೇ ಇಳಿದರೆ ಎದ್ದು ಕಾಣುತ್ತದೆ ಎಂದು ಇಡೀ ಬೀದಿಯದನ್ನೇ ಇಳಿಸಿದೆ. ನಿಮ್ಮದನ್ನೂ. ನಿಮ್ಮ ಹೆಂಚಿನ ಕೊಟ್ಟಿಗೆ ನನ್ನ ಕೈಯಲ್ಲಿ ಹುಲ್ಲಿನ ಚಪ್ಪರವಾಯಿತು. ಬೀದಿ ನನ್ನನ್ನು ಹರಸಿತು.

ಗೋಡೆ ಮೇಲಿನಿಂದ ಕಟ್ಟುತ್ತಾ ಬಂದು ನಿಮ್ಮ ಬೀದಿಯ ತಲೆಯಲ್ಲೇ ನಿಂತುಹೋಯಿತು. ಮೇಲಿನ ಬೀದಿಗಳವರು ಕಟ್ಟಿದ ಹಣ ಇದ್ದದ್ದು ಅಲ್ಲಿಯವರೆಗೆ. ಯಾಕೆ ನಿಂತಿತು ಎಂದು ನೀವು ಕೇಳಿದಿರಿ. ಮಳೆಗಾಲ ಕಳೆದ ಮೇಲೆ ಮುಂದುವರಿಸುತ್ತಾರೆ, ಮೇಲೆ ಗೋಡೆ ಬಂದಿರುವುದರಿಂದ ಇನ್ನು ಭಯವಿಲ್ಲ ಎಂದೆ. ಭಯವಿಲ್ಲ ಎಂದವನಿಗೆ ಮೋರಿಯ ವಿಷಯ ಏನೂ ಗೊತ್ತಿರಲಿಲ್ಲ. ನೀವು ನಂಬಿದಿರಿ. ಮೋಡ ಕವಿದಾಗಲೆಲ್ಲ ಎಮ್ಮೆಗಳನ್ನು ದಿಣ್ಣೆಯ ಮೇಲೆ ಹೊಡೆದುಕೊಂಡು ಹೋಗುತ್ತಿದ್ದ ನೀವು, ದೊಡ್ಡ ಮಳೆ ಸುರಿದ ಆ ಮಧ್ಯಾಹ್ನ ಅವನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿ ಹಾಲಿನ ಕ್ಯಾನು ಎತ್ತಿಕೊಂಡು ಅಗ್ರಹಾರಕ್ಕೆ ಹೊರಟಿರಿ.

ಮೊದಲು ಮೋರಿಯುದ್ದಕ್ಕೂ ಅಲ್ಲಲ್ಲಿ ಉಕ್ಕಿ ಹರಡುತ್ತಿದ್ದ ನೀರು, ಈಗ ಗೋಡೆಯ ನಡುವೆ ಇಕ್ಕಟ್ಟಾಗಿ ಬಂದು, ಗೋಡೆ ಮುಗಿದಲ್ಲಿ ಒಮ್ಮೆಲೇ ಬೀದಿಗೆ ಬಿತ್ತು. ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕುಸಿದವು. ಜನ ಹೇಗೋ ದಿಣ್ಣೆ ಹತ್ತಿಕೊಂಡರು. ಎಮ್ಮೆಗಳಿಗೆ ಹಗ್ಗ ಬಿಚ್ಚುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಮೇಲಧಿಕಾರಿ ಬಂದರು. ಮಾರಿಗುಡಿಯ ಜಗಲಿಯ ಸುತ್ತ ಜನ. ಈ ಬೀದಿಯ ಕಂದಾಯ ಯಾಕೆ ಇಷ್ಟು ಕಡಿಮೆ, ಇಳಿಸಲು ಕೇಳಿದವರು ಯಾರು ಎಂದು ಅವರು ಕೇಳಿದರು. ಮಾವನವರು ನೆಲ ನೋಡುತ್ತಿದ್ದರು. ಹಂಡೆ ಬಚ್ಚಿಟ್ಟವರೆಲ್ಲ ನೆಲ ನೋಡುತ್ತಿದ್ದರು. ನೀವು ಅಲ್ಲಿರಲಿಲ್ಲ; ಸತ್ತ ಎಮ್ಮೆಗಳನ್ನು ಎಳೆಸುತ್ತಿದ್ದಿರಿ. ಅಲ್ಲಿಲ್ಲದವರು ನೀವೊಬ್ಬರೇ — ಅದಕ್ಕೇ ನಿಮ್ಮ ಹೆಸರು ನನ್ನ ಬಾಯಿಗೆ ಬಂತು.

“ಬೀದಿಯವರ ಪರವಾಗಿ ನಂಜಮ್ಮನೇ ಬಂದು ಕೇಳಿಕೊಂಡರು ಸಾರ್.”

ಯಾರೂ ಅಲ್ಲ ಎನ್ನಲಿಲ್ಲ. ಅವರ ಮುಖಗಳಲ್ಲಿ ಬಂದ ನೆಮ್ಮದಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಬಿಡಿಗಾಸು ಬಿಡದ ಹೆಂಗಸು ಕಂದಾಯ ಇಳಿಸಿ ಎಂದು ಕೇಳಿದಳು ಎಂದರೆ ಯಾರು ತಾನೆ ನಂಬುವುದಿಲ್ಲ? ನೀವು ಹಾಗಲ್ಲ ಎಂದು ಗೊತ್ತಿದ್ದವರು, ಅವತ್ತು ಹಿತ್ತಿಲಲ್ಲಿ ನಿಂತು ನಕ್ಕವರು, ಅವರೂ ನಂಬಿಬಿಟ್ಟರು. ನನಗೆ ಒಂದು ಎಚ್ಚರಿಕೆಯ ಮಾತು ಸಿಕ್ಕಿತು, ಕೆಲಸ ಉಳಿಯಿತು.

ಸಂಜೆ ನೀವು ನನ್ನ ಮನೆಗೆ ಬಂದಿರಿ. ಸೀರೆಯ ತುಂಬ ಕೆಸರು. ಒಳಗೆ ಬನ್ನಿ ಎಂದು ನನ್ನ ಹೆಂಡತಿ ಕರೆದರೂ ಹೊಸಲು ದಾಟಲಿಲ್ಲ. “ಇಳ್ಸಿ ಅಂತ ನಾನ್ ಕೇಳಿದ್ನಾ ಸ್ವಾಮಿ?” ಎಂದಿರಿ, ಜಗಳದ ದನಿಯಲ್ಲಿ ಅಲ್ಲ — ನಿಮಗೇ ಏನೋ ಮರೆತುಹೋಗಿದೆಯೇನೋ ಎನ್ನುವವರ ಹಾಗೆ.

ನಾನು ಹೆಂಡತಿಯ ಮುಖ ನೋಡಿದೆ. ಆಮೇಲೆ ಹೇಳಿದೆ: “ನನಗೆ ಜ್ಞಾಪಕ ಇಲ್ಲ.”

“ಸರಿ ಬುಡು” ಎಂದಿರಿ. ಅದುವರೆಗೆ ನನಗೆ ಬಹುವಚನ ಬಿಟ್ಟು ಮಾತಾಡಿದವರಲ್ಲ ನೀವು. ಅಂಥ ಬಾಯಿಯಿಂದ ಒಂದು ಶಾಪವಾದರೂ ಬಂದಿದ್ದರೆ… ಬರಲಿಲ್ಲ.

ಬೀದಿಯವರು ನಿಮ್ಮ ಜೊತೆ ಮಾತು ಬಿಟ್ಟರು. ಕುಸಿದ ಗೋಡೆಗಳ ಮುಂದೆ ನಿಂತು ನಿಮ್ಮ ಹೆಸರು ಹಿಡಿದು ಬೈದರು. ಅಗ್ರಹಾರಕ್ಕೂ ಸುದ್ದಿ ಮುಟ್ಟಿತು. ಸಾಲ ಮಾಡಿ ಕೊಂಡ ಒಂದು ಎಮ್ಮೆಯ ಹಾಲನ್ನೂ ಯಾರೂ ಕೊಳ್ಳಲಿಲ್ಲ. ಮನೆಯಿದ್ದ ಜಾಗವನ್ನು ಮಾರಿ ನೀವು ತಂಗಿಯ ಊರಿಗೆ ಹೋದಿರಿ. ಕೊಂಡವರು ಯಾರು ಎಂದು ಹೇಳಲೇಬೇಕು: ನನ್ನ ಮಾವನವರು. ಅವರು ಹೇಳಿದ ಹಾಗೆಯೇ ಆಯಿತು, ಎಲ್ಲವೂ ನಮ್ಮ ಮನೆಗೇ ಬಂತು. ನಿಮ್ಮ ಕೊಟ್ಟಿಗೆಯಿದ್ದ ಜಾಗದ ಬಾಡಿಗೆ ಇವತ್ತೂ ನಮ್ಮ ಅನ್ನಕ್ಕೆ ಸೇರುತ್ತಿದೆ.

ನೀವು ತೀರಿಕೊಂಡಿರಿ ಎಂದು ಹೋದ ತಿಂಗಳು ನಿಮ್ಮ ತಂಗಿಯ ಊರಿನ ತರಕಾರಿಯವಳು ಹೇಳಿದಳು. ಅದೇ ವಾರ, ಸೋರುವ ಸೂರಿಗೆ ಹೊಸ ಹೆಂಚು ಯಾಕೆ, ಹಳೆಯದನ್ನೇ ತಿರುಗಿಸಿ ಹೊದಿಸೋಣ ಎಂದು ಊಟದ ನಡುವೆ ನಾನು ಅಂದೆ. ನನ್ನ ಮಗಳು ನಕ್ಕುಬಿಟ್ಟಳು. “ಅಯ್ಯೋ ಸುಮ್ನಿರಪ್ಪ, ನಂಜಮ್ಮ ಕಂದಾಯ ಉಳಿಸ್ದಂಗೆ ಮಾಡ್ಬೇಡ!”

ತಾತನ ಬೀದಿಯಲ್ಲಿ ಕಲಿತ ಮಾತು. ಅಲ್ಲಿ ಎಲ್ಲರೂ ಆಡುತ್ತಾರಂತೆ. ಪುಡಿಗಾಸು ಉಳಿಸಲು ಹೋಗಿ ಮನೆ ಕಳೆದುಕೊಳ್ಳುವವರಿಗೆ ಹಾಗೆ ಅನ್ನುವುದಂತೆ. ಆ ನಂಜಮ್ಮ ಯಾರು ಎಂದು ಕೇಳಿದೆ. “ಯಾರೋ ಜಿಪುಣಿ ಮುದುಕಿ ಕಣಪ್ಪ” ಎಂದಳು.

ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳಿಗೆ ಗೊತ್ತು. ಮೊದಲಿನಿಂದಲೂ ಗೊತ್ತು.

ಈ ಭಾನುವಾರ ಅದೇ ಮಾರಿಗುಡಿಯ ಜಗಲಿಗೆ ಹೋಗುತ್ತೇನೆ. ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಅವತ್ತು ನೆಲ ನೋಡಿದವರಲ್ಲಿ ಕೆಲವರು ಇನ್ನೂ ಇದ್ದಾರೆ, ಅವರ ಮುಂದೆ ಇದನ್ನೆಲ್ಲ ಹೇಳುತ್ತೇನೆ. ಅದರಿಂದ ನಿಮಗೆ ಏನೂ ಸಿಗುವುದಿಲ್ಲ, ಗೊತ್ತು. ಆ ಮಾತು ಬೀದಿಯ ಬಾಯಲ್ಲಿ ನೆಲೆನಿಂತುಬಿಟ್ಟಿದೆ, ಅದನ್ನು ಅಳಿಸಲು ನನ್ನಿಂದ ಆಗುವುದಿಲ್ಲ. ಆಡುವವರು ಆಡಲಿ. ಹೆಸರನ್ನಾದರೂ ಸರಿಮಾಡಿಕೊಳ್ಳಲಿ — ಪುಟ್ಟೇಗೌಡ ಕಂದಾಯ ಉಳಿಸಿದ ಹಾಗೆ. ನನ್ನ ಮಗಳೇ ಮೊದಲು ಆಡಲಿ.