ಒಂದು ಒನ್ಸ್ ಮೋರ್‌ಗಾಗಿ ಹಿರೇಕೆರೂರಿಗೆ

ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ಮೊದಲ ಬಸ್ಸು ಆರೂವರೆಗೆ. ಅಪ್ಪ ನನ್ನನ್ನು ಐದೂವರೆಗೇ ತಂದು ನಿಲ್ದಾಣದಲ್ಲಿ ನಿಲ್ಲಿಸಿದ್ದರು. ಎಂಬತ್ತರ ಆಸುಪಾಸಿನ ಒಂದು ಚಳಿಗಾಲ, ಭಾನುವಾರ. ಬಸ್ಸಿನ ಮೇಲೆ ವೀಳ್ಯದೆಲೆಯ ಬುಟ್ಟಿಗಳನ್ನು ಏರಿಸುತ್ತಿದ್ದರು. ಒದ್ದೆ ಗೋಣಿಯಿಂದ ಸೋರಿದ ನೀರು ಕಿಟಕಿಯ ಮೇಲೆ ಇಳಿದು, ಒಳಗೆ ಕೂತವರಿಗೆಲ್ಲ ಎಲೆಯ ಹಸಿ ವಾಸನೆ. ಮೋಡವೇ ಇಲ್ಲದ ದಿನಕ್ಕೆ ಅಪ್ಪ ಕೊಡೆ ತಂದಿದ್ದರು. ಕೈಚೀಲದಲ್ಲಿ ಎರಡು ಹೊತ್ತಿಗಾಗುವಷ್ಟು ಹಚ್ಚಿದ ಅವಲಕ್ಕಿ, ಕೋಟಿನ ಒಳಕಿಸೆಯಲ್ಲಿ ನಾಲ್ಕಾಗಿ ಮಡಚಿದ ಒಂದು ನಾಟಕದ ಹ್ಯಾಂಡ್‌ಬಿಲ್. ಅದು ಅಲ್ಲೇ ಇದೆಯೇ ಎಂದು ಟಿಕೆಟ್ ತೆಗೆಸುವಷ್ಟರಲ್ಲಿ ಮೂರು ಸಲ ಮುಟ್ಟಿ ನೋಡಿಕೊಂಡರು.

ಆ ಹ್ಯಾಂಡ್‌ಬಿಲ್ಲಿನ ಕಥೆ ಹೇಳಿಬಿಡುತ್ತೇನೆ. ಅಪ್ಪ ಸಂಸ್ಕೃತ ಕಲಿಸಿ ನಿವೃತ್ತರಾದ ಮಾಸ್ತರು. ನಮ್ಮ ಮನೆತನದಲ್ಲಿ ಮಧ್ವಶಾಸ್ತ್ರದ ಸುಧೆ ಓದಿದವರಿದ್ದಾರೆ, ನ್ಯಾಯಶಾಸ್ತ್ರ ಓದಿದವರಿದ್ದಾರೆ. ನಾಟಕ ಕಂಪನಿಗೆ ಪದ ಬರೆದವರು ಯಾರೂ ಇಲ್ಲ. ಅವ್ವ ತೀರಿಕೊಂಡ ಮೇಲೆ ಅಪ್ಪ ಮಧ್ಯಾಹ್ನಗಳಲ್ಲಿ ಗುಟ್ಟಾಗಿ ಬರೆಯಲು ಕೂತರು, ನಾನು ಗುಟ್ಟಾಗಿ ಒಂದು ವಹಿಯಲ್ಲಿ ಶುದ್ಧಪ್ರತಿ ಮಾಡಿಕೊಟ್ಟೆ. ನಮ್ಮೂರಲ್ಲಿ ಕ್ಯಾಂಪ್ ಮಾಡಿದ್ದ ಕಂಪನಿಯ ಮಾಲೀಕರು ಒಂದು ಶ್ಲೋಕದ ಉಚ್ಚಾರ ಕೇಳಲು ಮನೆಗೆ ಬಂದವರು ಆ ವಹಿ ನೋಡಿದರು. ಅದರೊಳಗಿನ ಒಂಬತ್ತು ಹಾಡುಗಳ ಸುತ್ತ ಹೊಸ ಸಂಗೀತ ನಾಟಕವೇ ಎದ್ದುನಿಂತಿತು: ‘ಎರಡು ತೊಟ್ಟಿಲು’. ಹ್ಯಾಂಡ್‌ಬಿಲ್ಲಿನಲ್ಲಿ ಲೈಟು ಹಾಕುವವನ ಹೆಸರೂ ಇತ್ತು. ‘ಪದಗಳು’ ಎಂಬುದರ ಮುಂದೆ ಮಾತ್ರ ಬರೀ ಚುಕ್ಕೆಗಳು.

ಅದು ಅಪ್ಪನದೇ ಷರತ್ತು. ಕಡೆಯ ಜೋಗುಳಕ್ಕೆ ಮಂದಿ ಒನ್ಸ್ ಮೋರ್ ಅಂದರೆ ಹೆಸರು ಹಾಕಿ, ಅನ್ನದಿದ್ದರೆ ಆ ಹಾಡು ನನ್ನದಲ್ಲ, ನಾನು ಮುಂದೆ ಬರೆಯುವುದೂ ಇಲ್ಲ ಎಂದು ಮಾಲೀಕರಿಗೆ ಹೇಳಿದ್ದರು. ನಮ್ಮ ಕಡೆ ಒನ್ಸ್ ಮೋರ್ ಎಂದರೆ ಸುಪ್ರೀಂ ಕೋರ್ಟಿನ ತೀರ್ಪು. ಹಾಡು ಹಿಡಿಸಿದರೆ ಕೂಗುತ್ತಾರೆ, ಕೂಗಿದರೆ ನಟರು ಹೊರಳಿ ಬಂದು ಹಾಡಲೇಬೇಕು. ಸತ್ತುಬಿದ್ದ ರಾಜನೊಬ್ಬ ಎದ್ದು ಕೂತು ಹಾಡಿ, ಪಂಚೆ ಸರಿಮಾಡಿಕೊಂಡು ಮತ್ತೆ ಸತ್ತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹಿರೇಕೆರೂರಿನಲ್ಲಿ ನಾಟಕ ಶುರುವಾಗಿ ಮೂರು ವಾರವಾಗಿತ್ತು. ಮಾಲೀಕರ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: ‘ತಾವೇ ಬಂದು ನೋಡಬೇಕು.’ ಇದು ಶುಭವೋ ಅಶುಭವೋ ತಿಳಿಯದೆ ಅಪ್ಪ ಎಂಟು ದಿನ ಸರಿಯಾಗಿ ಉಣ್ಣಲಿಲ್ಲ.

ಶಿಗ್ಗಾಂವಿಗೆ ಹತ್ತು ಮೈಲಿ, ಮುಕ್ಕಾಲು ತಾಸು. ಅಲ್ಲಿ ಹಾನಗಲ್ಲಿನ ಮೇಲೆ ಹಿರೇಕೆರೂರಿಗೆ ಹೋಗುವ ಬಸ್ಸಿಗೆ ಬದಲಿಸಿ ಕೂತಾಗ ನಮ್ಮ ಪಕ್ಕದ ಸೀಟಿಗೆ ಹಳದಿ ರುಮಾಲಿನ ಎತ್ತರದ ಆಳೊಬ್ಬ ಬಂದ. ಹಿರೇಬೆಂಡಿಗೇರಿಯ ಫಕ್ಕೀರಪ್ಪ, ಒಕ್ಕಲುತನ. ನಾವು ಕೇಳುವ ಮೊದಲೇ ತಾನು ಹೊರಟದ್ದು ಹಿರೇಕೆರೂರಿಗೆ, ನಾಟಕಕ್ಕೆ ಎಂದು ಹೇಳಿದ. ಹರೆಯದಲ್ಲಿ ಊರ ನಾಟಕಗಳಲ್ಲಿ ಹೆಣ್ಣುಪಾತ್ರ ಕಟ್ಟುತ್ತಿದ್ದನಂತೆ. ಈಗ ಮೀಸೆ ಬೆಳೆದು ಆ ಕೆಲಸ ಹೋಗಿದೆ, ಒನ್ಸ್ ಮೋರ್ ಕೂಗುವುದೊಂದೇ ಉಳಿದಿದೆ ಎಂದು ನಕ್ಕ. ಅವನ ದನಿ ಕಂಪನಿಯವರಿಗೆಲ್ಲ ಪರಿಚಯವಂತೆ. ಥೇಟರಿನಲ್ಲಿ ಮೊದಲು ಅವನ ಗಂಟಲು ಏಳಬೇಕು, ಆಮೇಲೆ ಉಳಿದವರದು. ಅಪ್ಪ ಅವನ ಗಂಟಲನ್ನೇ ನೋಡುತ್ತ ಕೂತರು.

ಬಂಕಾಪುರ ದಾಟುವಾಗ ಮಂಜು ಇನ್ನೂ ಹೊಲದ ಮೇಲೆ ಮಲಗಿತ್ತು. ಕೋಟೆಯ ಕಡೆಯ ಬೇಲಿಗುಂಟ ಏಳೆಂಟು ನವಿಲುಗಳು, ಯಾರನ್ನೋ ಕಾಯುವವರ ಹಾಗೆ ನಿಂತಿದ್ದವು. ಅಲ್ಲಿ ಹತ್ತಿದವನು ಮೌಲಾಸಾಬ, ಊರಿನ ಟೇಲರ್. ಫಕ್ಕೀರಪ್ಪನ ಹಳೆಯ ಗೆಳೆಯ. ‘ಎರಡು ತೊಟ್ಟಿಲು’ ನೋಡಿ ಬಂದು ಮತ್ತೆ ಹೊರಟಿದ್ದ. ಇಬ್ಬರ ವಾದ ಅಲ್ಲಿಂದಲೇ ಸುರುವಾಯಿತು.

ಹೊಸ ನಾಟಕದ ಹಾಡುಗಳು ತೀರ ಗಿಡ್ಡವಂತೆ, ಆಲಾಪವಿಲ್ಲ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರನಿಗೆ ಕೈ ಬಿಚ್ಚಲು ಜಾಗವೇ ಇಲ್ಲವಂತೆ ಎಂಬುದು ಫಕ್ಕೀರಪ್ಪನ ದೂರು. ನೋಡುವ ಮೊದಲೇ ತೀರ್ಪು ಬರೆದಿಟ್ಟುಕೊಂಡಿದ್ದ. ಮೌಲಾಸಾಬ ಮೆಲ್ಲಗೆ ಹೇಳಿದ, ಹಾಡಿನೊಳಗಿನ ಮಾತು ಮೊದಲ ಸಲ ತನಗೆ ಪೂರಾ ಕೇಳಿಸಿತು ಎಂದು.

“ಮಾತು ಕೇಳಬೇಕಂದ್ರ ನಾ ಪಂಚಾಯತಿಗೆ ಹೋಗ್ತೇನಿ,” ಎಂದ ಫಕ್ಕೀರಪ್ಪ. “ನಾಟಕಕ್ಕ ಸುರ ಕೇಳಾಕ ಬರ್ತೇನಿ.”

ಬಸ್ಸಿಗೆ ಬಸ್ಸೇ ನಕ್ಕಿತು. ಆಗ ಅಪ್ಪ ಮಾಡಿದ ಕೆಲಸ ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಗಂಟಲು ಸರಿಮಾಡಿಕೊಂಡು ಫಕ್ಕೀರಪ್ಪನ ಪಕ್ಷ ವಹಿಸಿದರು. ಇತ್ತೀಚಿನ ಪದಗಳಲ್ಲಿ ಪ್ರಾಸ ಸಡಿಲು, ಬರೆಯುವವರಿಗೆ ಛಂದಸ್ಸಿನ ಅಭ್ಯಾಸ ಸಾಲದು ಎಂದರು. ಗುಟ್ಟು ಹೊರಬೀಳಬಾರದೆಂಬ ಭಯವೋ, ಬೇರೆಯವರು ಹೊಡೆಯುವ ಮೊದಲು ತಾವೇ ಹೊಡೆದುಕೊಳ್ಳುವ ಜಾಣತನವೋ. ಪಾಪ, ಮೌಲಾಸಾಬನೊಬ್ಬನೇ ಅಪ್ಪನ ಹಾಡುಗಳನ್ನು ಅಪ್ಪನಿಂದಲೇ ಕಾಪಾಡುತ್ತ ಹಾನಗಲ್ಲಿನವರೆಗೆ ಬಂದ.

ಹಾನಗಲ್ಲಿನಲ್ಲಿ ಬಸ್ಸು ಅರ್ಧ ತಾಸು ನಿಂತಿತು. ಎಲ್ಲರೂ ಚಹಾಕ್ಕೆ ಇಳಿದರು, ಅಪ್ಪ ಇಳಿಯಲಿಲ್ಲ. ಅವರು ಹುಟ್ಟಿದ್ದು ಈ ಊರಲ್ಲಿ. ಐದು ವರ್ಷದವರಿದ್ದಾಗ ಸವಣೂರಿನ ಮನೆಗೆ ದತ್ತಕ ಕೊಟ್ಟರು. ಹಾನಗಲ್ಲಿನ ವೆಂಕಣ್ಣ ಸವಣೂರಿನಲ್ಲಿ ಶ್ರೀನಿವಾಸನಾದ. ದತ್ತಕವೆಂದರೆ ಹೆಸರೂ ಹೊಸದಾಗಬೇಕಲ್ಲ. ಆ ದಿನದ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಸಲ. ಹೆತ್ತ ತಾಯಿ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿದರಂತೆ, ಹೆಚ್ಚೇ ಹಚ್ಚಿದರಂತೆ. ಹಚ್ಚಿ, ಏನೂ ಹೇಳದೆ ಒಳಗೆ ಹೋದರು. ಚಕ್ಕಡಿ ಹೊರಟರೂ ಹೊರಗೆ ಬರಲಿಲ್ಲ. ನಾಟಕದ ಕಥೆಯೂ ಅದೇ: ತಂಗಿ ತನ್ನ ಕೂಸನ್ನು ಮಕ್ಕಳಿಲ್ಲದ ಅಕ್ಕನಿಗೆ ಕೊಡುತ್ತಾಳೆ. ಅಪ್ಪ ಕಿಟಕಿಯಾಚೆಯ ಓಣಿಯೊಂದನ್ನು ನೋಡುತ್ತ ಅವಲಕ್ಕಿಯ ಪೊಟ್ಟಣ ಬಿಚ್ಚಿದರು, ತಿನ್ನದೆ ಮತ್ತೆ ಕಟ್ಟಿದರು.

ಅಲ್ಲಿಂದ ಹಿರೇಕೆರೂರಿಗೆ ಮೂವತ್ತು ಮೈಲಿಯ ಹಾದಿ. ಬಿಸಿಲು ಏರಿದಂತೆ ಎಲ್ಲರಿಗೂ ಜೊಂಪು ಹತ್ತಿತು. ನಾನು ಅರ್ಧ ನಿದ್ದೆಯಲ್ಲಿ ನೋಡಿದ್ದಿಷ್ಟು: ಒಂದರ ಹಿಂದೊಂದು ಕೆರೆ, ಕೆರೆಯೊಳಗೆ ಆಕಾಶ, ಬಿಳಿ ಒಡೆದ ಹತ್ತಿಹೊಲ, ಮತ್ತೆ ಕೆರೆ. ಚಿಕ್ಕೇರೂರಿನಲ್ಲಿ ಯಾರೋ ಒಂದು ಹೊರೆ ಕರಿಬೇವು ತಂದು ನನ್ನ ಕಾಲ ಬಳಿ ಇಟ್ಟರು. ಆ ವಾಸನೆಯಲ್ಲಿ ಅವ್ವ ಒಗ್ಗರಣೆ ಹಾಕುತ್ತಿರುವ ಹಾಗೆ ಕನಸು ಬಿತ್ತು. ಅಪ್ಪ ತುಟಿಯಲ್ಲೇ ಏನೋ ಗುನುಗುತ್ತಿದ್ದರು. ಆ ಹಾದಿ ಮುಗಿಯುವುದೇ ಬೇಡ ಅನ್ನಿಸಿತು ನನಗೆ. ಮುಟ್ಟಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ.

ಆಟ ಮೂರು ಗಂಟೆಗೆ. ಭಾನುವಾರ ಹಗಲಾಟ ಇಡುತ್ತಿದ್ದದ್ದು ಹಳ್ಳಿಯಿಂದ ಬರುವವರಿಗಾಗಿ. ತಗಡು, ಬಿದಿರುತಟ್ಟಿಗಳ ಥೇಟರು. ತಗಡಿನ ಮೊಳೆತೂತುಗಳಿಂದ ಇಳಿದ ಬಿಸಿಲು ಜನರ ತಲೆಯ ಮೇಲೆ, ಪರದೆಯ ಮೇಲೆ ಕಾಸಿನಷ್ಟಷ್ಟೇ ಬೆಳಕು ಚೆಲ್ಲಿತ್ತು. ಹೊತ್ತು ಸರಿದಂತೆ ಆ ಬೆಳಕೂ ಸರಿಯುತ್ತ, ರಂಗದ ಮೇಲಿನ ಅರಮನೆಯೂ ನಾವೂ ಒಟ್ಟಿಗೆ ನೀರೊಳಗೆ ಕೂತಂತೆ ಕಾಣುತ್ತಿತ್ತು. ಅಪ್ಪನಿಗೆ ಫಕ್ಕೀರಪ್ಪನ ಪಕ್ಕದ ಕುರ್ಚಿಯೇ ಬೇಕಿತ್ತು, ಹಟ ಮಾಡಿ ಕೂತರು.

ಮೊದಲ ಅಂಕದ ಸಾಕಿದ ಗಿಣಿಯ ಹಾಡಿಗೆ ಫಕ್ಕೀರಪ್ಪ ಎದ್ದು ಕೂಗಿದ. ಥೇಟರು ಅವನ ಹಿಂದೆ ಕೂಗಿತು. ಹಾಡು ಮತ್ತೆ ಬಂತು. ಎರಡನೆಯ ಅಂಕದ ಜಗಳದ ಹಾಡಿಗೆ ಎರಡು ಸಲ ಕೂಗಿಸಿದ. ಬೆಳಿಗ್ಗೆ ಬೈದದ್ದೆಲ್ಲ ಅವನಿಗೆ ಮರೆತೇ ಹೋಗಿತ್ತು. ಅಪ್ಪನ ಮುಖ ದೀಪ ಹಚ್ಚಿದಂತಾಯಿತು. ನನ್ನ ಕೈ ಹಿಡಿದುಕೊಂಡರು. ನಾನು ದೊಡ್ಡವಳಾದ ಮೇಲೆ ಅವರು ಕೈ ಹಿಡಿದದ್ದು ಅದೇ ಮೊದಲು.

ಕಡೆಯ ಅಂಕದಲ್ಲಿ ಜೋಗುಳ ಬಂತು. ತಾಯಿಯ ಪಾತ್ರದಾಕೆ ತೊಟ್ಟಿಲಿನ ಹತ್ತಿರ ಕೂತು, ಕೂಗಿ ಹೇಳದೆ, ಮನೆಯಲ್ಲಿ ಹಾಡುವಷ್ಟೇ ದನಿಯಲ್ಲಿ ಹಾಡಿದಳು:

ಎಣ್ಣೆ ಹಚ್ಚಿದ ತಲೆ ಆರುವ ಮುನ್ನ
ಹೊಸ್ತಿಲು ದಾಟುವೆ, ಮಲಗೋ ಚಿನ್ನ.

ಇನ್ನೂ ಐದಾರು ಸಾಲು. ಕಡೆಯ ಸಾಲು, ‘ಕೊಟ್ಟದ್ದು ನಿನ್ನಯ ಸುಖಕೆಂದೇ ಚಿನ್ನ’. ಹಾಡಿ, ಎದ್ದು, ಹೊರಳಿ ನೋಡದೆ ಒಳಗೆ ಹೋದಳು.

ಅಪ್ಪ ಫಕ್ಕೀರಪ್ಪನ ಬಾಯಿ ನೋಡುತ್ತಿದ್ದರು. ಬಾಯಿ ತೆರೆಯಲಿಲ್ಲ. ಹಿಂದೆ ಚಾಪೆಯ ಮೇಲಿನ ಮಂದಿಯೂ ಸುಮ್ಮನಿದ್ದರು. ಪೇಟಿ ಮಾಸ್ತರ ರೂಢಿಯಂತೆ ಒಂದು ಗಳಿಗೆ ಕಾದ, ಕೂಗು ಬರಲಿಲ್ಲ, ಮುಂದಿನ ದೃಶ್ಯಕ್ಕೆ ಬಾರಿಸಿದ. ಅಪ್ಪ ನನ್ನ ಕೈ ಬಿಟ್ಟರು. ನನಗೆ ಅಳು ಬಂತು. ಎದ್ದು ನಾನೇ ಕೂಗಿಬಿಡಲೇ ಅನ್ನಿಸಿತು. ಆದರೆ ನನ್ನ ಕೂಗು ಅವರಿಗೆ ಬೇಕಾದ ಕೂಗಾಗುತ್ತಿರಲಿಲ್ಲ.

ಆಟ ಮುಗಿದ ಮೇಲೆ ಮಾಲೀಕರನ್ನು ಕಾಣಲೂ ಅಪ್ಪ ಒಪ್ಪಲಿಲ್ಲ. ನಮ್ಮ ಕಡೆಗೆ ಬಸ್ಸಿರಲಿಲ್ಲ. ಪರಿಚಯದ ಮಾಸ್ತರೊಬ್ಬರ ಮನೆಯಲ್ಲಿ ಉಳಿದೆವು. ಅವರ ಹೆಂಡತಿ ಬಿಸಿ ಅನ್ನ, ತೊವ್ವೆ ಬಡಿಸಿ, ನಾಟಕ ಹೇಗಿತ್ತೆಂದು ಕೇಳಿದರು. ಪರವಾಗಿಲ್ಲ ಎಂದರು ಅಪ್ಪ.

ಸೋಮವಾರ ಬೆಳಿಗ್ಗೆ ಹಿರೇಕೆರೂರಿನ ಕೆರೆಯ ಮೇಲೆ ಹೊಗೆಯಂಥ ಮಂಜು ಏಳುತ್ತಿತ್ತು. ಬಸ್ಸಿನಲ್ಲಿ ಅದೇ ಫಕ್ಕೀರಪ್ಪ, ಅದೇ ಮೌಲಾಸಾಬ. ಗುಡಿಯ ಪೌಳಿಯಲ್ಲಿ ಮಲಗಿದ್ದರಂತೆ. ಮೌಲಾಸಾಬ ನಾಟಕ ಹೇಗೆನಿಸಿತೆಂದು ಕೆಣಕಿದರೂ ಫಕ್ಕೀರಪ್ಪ ಚಿಕ್ಕೇರೂರು ಕಳೆಯುವವರೆಗೆ ಹೊರಗೇ ನೋಡುತ್ತ ಕೂತಿದ್ದ. ಹಾನಗಲ್ಲಿನಲ್ಲಿ ಬಸ್ಸು ನಿಂತಾಗ ಅಪ್ಪನೇ ತಡೆಯಲಾರದೆ ಕೇಳಿದರು, ಗಿಣಿಗೆ ಕೂಗಿದವನು ತಾಯಿಗೆ ಯಾಕೆ ಕೂಗಲಿಲ್ಲ ಎಂದು.

ಫಕ್ಕೀರಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹೆಂಗ ಕೂಗಲಿರಿ ಆಚಾರ್ರ? ಒನ್ಸ್ ಮೋರ್ ಅಂದ್ರ ಆಕಿ ಹೊಳ್ಳಿ ಬರಬೇಕು. ಬಂದು ಆ ಕೂಸಿನ್ನ ಮತ್ತೊಮ್ಮೆ ಬಿಟ್ಟು ಹೋಗಬೇಕು. ಒಮ್ಮೆ ಬಿಟ್ಟದ್ದ ಸಾಕಾಗೇತಿ. ಯಾರಿಗೂ ಬಾಯಿ ಬರಲಿಲ್ಲ ನೋಡ್ರಿ.”

ಮೂರು ವಾರದಿಂದ ಹೀಗೇ ಇದೆಯಂತೆ, ಆ ಹಾಡಿಗೆ ಒಂದು ದಿನವೂ ಯಾರೂ ಕೂಗಿಲ್ಲವಂತೆ, ಪೇಟಿ ಮಾಸ್ತರನೇ ಹೇಳಿದ ಎಂದ ಮೌಲಾಸಾಬ. ಮಾಲೀಕರ ಕಾರ್ಡಿನ ಆ ಒಂದು ಸಾಲಿನ ಅರ್ಥ ನನಗೆ ಆಗ ಹೊಳೆಯಿತು. ಅಪ್ಪ ಆ ಓಣಿಯ ಕಡೆಗೇ ನೋಡುತ್ತಿದ್ದರು. ಫಕ್ಕೀರಪ್ಪ ಮಾತ್ರ ಅಷ್ಟಕ್ಕೇ ಬಿಡಲಿಲ್ಲ; ಹೊಗಳಿದ ಮೇಲೆ ಒಂದು ಹುಳುಕು ತೆಗೆಯದಿದ್ದರೆ ಅವನು ನಾಟಕದ ಹುಚ್ಚನೇ ಅಲ್ಲ.

“ಆ ಕಡೀ ಸಾಲೊಂದು ಸುಳ್ಳೈತ್ರಿ. ನಿನ್ನ ಸುಖಕ್ಕ ಕೊಟ್ಟೆ ಅಂತ ಯಾವ ತಾಯಿ ಹೇಳ್ತಾಳ? ಹೇಳಾಕ ಆಗಂಗಿಲ್ಲ. ಆಕಿ ಸುಮ್ಮನ ಒಳಗ ಹೋಗತಾಳ.”

“ಹೌದು,” ಎಂದರು ಅಪ್ಪ. “ಆಕಿ ಏನೂ ಹೇಳ್ಲಿಲ್ಲ. ನನಗ ಕೇಳಬೇಕನಿಸಿತ್ತು, ಅದಕ್ಕ ಬರದೆ. ತಗದುಬಿಡ್ತೇನಿ.”

ಹೇಳಿ ಮುಗಿಸಿದ ಮೇಲೆಯೇ ತಾವು ಏನು ಹೇಳಿದೆವೆಂದು ಅವರಿಗೆ ತಿಳಿದದ್ದು. ಮೌಲಾಸಾಬ ನನ್ನನ್ನು ನೋಡಿದ, ನಾನು ತಲೆಯಾಡಿಸಿದೆ. ಫಕ್ಕೀರಪ್ಪ ರುಮಾಲು ಸುತ್ತಿಕೊಂಡು, ಕೆಳಗಿಳಿದು ಹೋದ. ಸಿಟ್ಟಾದನೇನೋ ಎಂದುಕೊಂಡೆ. ಬಂದಾಗ ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು; ಮಡಿಯವರು ಹೊರಗಿನದೇನೂ ತಿನ್ನುವುದಿಲ್ಲ, ಹಣ್ಣಿಗೆ ದೋಷವಿಲ್ಲವಲ್ಲ ಎಂದು ಅಪ್ಪನ ತೊಡೆಯ ಮೇಲಿಟ್ಟ. ಬಂಕಾಪುರದವರೆಗೆ ನಾಲ್ವರೂ ಅದನ್ನೇ ತಿಂದೆವು. ಮೌಲಾಸಾಬ ಇಳಿಯುವಾಗ ಅಪ್ಪನ ಎರಡೂ ಕೈ ಹಿಡಿದುಕೊಂಡ. ಶಿಗ್ಗಾಂವಿಯಲ್ಲಿ ಇಳಿದ ಫಕ್ಕೀರಪ್ಪ, ಸವಣೂರಿಗೆ ಕಂಪನಿ ಬಂದಾಗ ತಪ್ಪದೆ ಬರುತ್ತೇನೆ, ಆ ಸಾಲು ಹಾಗೇ ಇದ್ದರೆ ಎದ್ದು ಹೋಗುತ್ತೇನೆ ಎಂದು ಎಚ್ಚರಿಸಿ, ಹಿರೇಬೆಂಡಿಗೇರಿಯ ಹಾದಿ ಹಿಡಿದ.

ಸವಣೂರಿನ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕೂತು ನನ್ನ ಪೆನ್ನು ಕೇಳಿದರು. ಕಿಸೆಯಿಂದ ಹ್ಯಾಂಡ್‌ಬಿಲ್ ತೆಗೆದು ಕೊಡೆಯ ಮೇಲೆ ಹರವಿ, ಹಿಂಬದಿಗೆ ಜೋಗುಳ ಪೂರ್ತಿ ಬರೆದರು, ಕಡೆಯ ಸಾಲೊಂದನ್ನು ಬಿಟ್ಟು. ಆಮೇಲೆ ಮುಂಬದಿಗೆ ತಿರುಗಿಸಿ ‘ಪದಗಳು’ ಎಂಬುದರ ಮುಂದಿನ ಚುಕ್ಕೆಗಳ ಮೇಲೆ ನಿಧಾನವಾಗಿ ಹೆಸರು ಬರೆದು, ಮಾಲೀಕರಿಗೆ ಕಳಿಸು ಎಂದು ನನ್ನ ಕೈಗಿತ್ತರು. ನಾನು ಓದಿದೆ. ಶ್ರೀನಿವಾಸಾಚಾರ್ಯ ಎಂದಿರಲಿಲ್ಲ. ‘ಹಾನಗಲ್ಲ ವೆಂಕಣ್ಣ’ ಎಂದಿತ್ತು.