ಚಾರ್ಜ್ ಕೊಟ್ಟ ಹೊಂಗೆ ಮರ

ಹೊಂಗೆ ಚಿಗುರೋದು ಯುಗಾದಿಗೆ. ಕಾರ್ತೀಕ ಮಾಸದಲ್ಲಿ, ನಿನ್ನೆ ತೆಗೆದ ಫೋಟೋ ಅಂತ ಯಾರಾದರೂ ಎಳೆ ಚಿಗುರು ತುಂಬಿದ ಹೊಂಗೆಯನ್ನು ತೋರಿಸಿದರೆ ನಾನು ಹೇಗೆ ನಂಬಲಿ? ಮಗಳು ಫೋನ್ ಇಸ್ಕೊಂಡು ನೋಡಿ, "ಅಮ್ಮಾ, ನಿಂಗೆ ಎಲ್ಲದರಲ್ಲೂ ಅನುಮಾನಮೇ" ಅಂತ ಅರ್ಧ ತೆಲುಗಲ್ಲಿ ಗೊಣಗಿದಳು. ಹೌದಮ್ಮಾ, ಇದೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮಜ್ಜಿ ಹೇಳಿಕೊಟ್ಟ ಪಾಠ. ವಿಜಯವಾಡದ ಭವಾನಿಪುರಂನಲ್ಲಿ ಒಬ್ಬಳೇ ಇದ್ದುಕೊಂಡು, ಬ್ಯಾಂಕಿನ ಕೌಂಟರಲ್ಲಿ ಕೂತು, ಹೆಣ್ಣು ಮಗುವನ್ನು ಸಾಕಿದವಳು ಅನುಮಾನ ಪಡದೆ ಬದುಕಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಗುಳುಂ ಮಾಡಿರೋರು.

ಆ ಹೊಂಗೆ ನನ್ನ ಗಂಡ ನೆಟ್ಟದ್ದು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬರುವ ಕನ್ನಡದ ಬ್ಯಾಂಕಿನವರಿಗೂ ನೇವಿಯವರಿಗೂ ಒಂದು ರೂಢಿಯಿತ್ತು, ಈಗಲೂ ಇದೆ. ಬಂದ ವರ್ಷ ಸಿಂಹಾಚಲಂ ಬೆಟ್ಟದ ಹಿಂದಿನ ಒಂದು ಜಾಗದಲ್ಲಿ ಗಿಡ ನೆಡಬೇಕು. ಹೋಗುವಾಗ ಹೊಸದಾಗಿ ಬಂದವರಿಗೆ ಅದರ ಚಾರ್ಜ್ ಕೊಡಬೇಕು. ನಾವು ವರ್ಗಾವಣೆಯ ಜನ, ಎಲ್ಲದಕ್ಕೂ ಚಾರ್ಜ್ ಕೊಟ್ಟೇ ಅಭ್ಯಾಸ. ಹಾಲಿನವನು, ಕೆಲಸದವಳು, ಮಿಕ್ಸಿ ರಿಪೇರಿಯವನು, ಕೊನೆಗೆ ಗಿಡ. ನೀರು ಹಾಕೋ ತಾಮ್ರದ ಚೊಂಬನ್ನು ಅರಿಶಿನ ಕುಂಕುಮದ ಜೊತೆ ಕೈಗೆ ಕೊಟ್ಟರೆ ಮುಗೀತು, ಗಿಡ ಇನ್ನು ಅವರದ್ದು.

ನಾವು ವಿಶಾಖಪಟ್ಟಣದ ಗಾಜುವಾಕದಲ್ಲಿದ್ದ ಎರಡನೇ ವರ್ಷ, ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದ ನನ್ನ ಗಂಡ ಹಾಗೇ ಕುಸಿದರು, ಮತ್ತೆ ಏಳಲಿಲ್ಲ. ಮಗಳಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಅವರ ಬ್ಯಾಂಕೇ ನನಗೆ ಕೆಲಸ ಕೊಟ್ಟು ವಿಜಯವಾಡಕ್ಕೆ ಹಾಕಿತು. ಸಾಮಾನು ಲಾರಿಗೆ ಏರುತ್ತಿತ್ತು, ಪಕ್ಕದ ಮನೆಗೆ ಹೊಸದಾಗಿ ಬಂದಿದ್ದವರ ಕೈಗೆ ಚೊಂಬು ಕೊಟ್ಟೆ. ಆಮೇಲೆ ಅದು ಎಷ್ಟು ಕೈ ದಾಟಿತೋ ದೇವರಿಗೇ ಗೊತ್ತು. ಆದರೆ ನನ್ನ ಮಟ್ಟಿಗೆ ಅದು ನನ್ನ ಗಂಡನ ಮರವೇ. ಅವರದು ಅಂತ ಈ ಭೂಮಿಯ ಮೇಲೆ ಬೆಳೆಯುತ್ತಾ ಇದ್ದದ್ದು ಎರಡೇ, ಮಗಳು ಮತ್ತು ಅದು. ವರ್ಷಕ್ಕೊಮ್ಮೆ ಹೋಗಿ ಕಾಂಡ ತಬ್ಬಿ ಬರುತ್ತಿದ್ದೆ. ಕೋವಿಡ್ ಬಂದ ಮೇಲೆ ಹೋಗೋದು ತಪ್ಪಿತು, ಫೋಟೋ ಬರೋದು ಶುರುವಾಯಿತು.

ಫೋಟೋ ಕಳಿಸುತ್ತಿದ್ದವರು ಕಾಕಾ. ಧಾರವಾಡ ಕಡೆಯವರು, ನೇವಿಯಿಂದ ನಿವೃತ್ತರಾಗಿ ಅಲ್ಲೇ ನಿಂತುಬಿಟ್ಟವರು, ಆ ತೋಪಿನ ಉಸ್ತುವಾರಿ ಅವರದೇ. ಈ ಸಲ ವನಭೋಜನಕ್ಕೆ ಕರೆಯುತ್ತಾ ವಾಯ್ಸ್ ಮೆಸೇಜ್ ಕಳಿಸಿದ್ದರು. "ಅಕ್ಕಾರ, ಒಂದು ಕಂಪನಿಯವರು ಮುಂದ ಬಂದಾರ್ರಿ. ಗಾಳಿಯೊಳಗಿನ ಇಂಗಾಲ ಹೀರೂ ಕಾಡು ಮಾಡೂಣು ಅಂತಾರ. ಹಳೀ ಗಿಡ ಹೀರೂದು ಕಮ್ಮಿ ಆಗೇತಿ. ಎಳೀ ಸರ್ವಿ ಗಿಡ ಹಚ್ಚಿದ್ರ ಗಟಗಟ ಕುಡಿತಾವು." ನಮ್ಮ ಹೊಂಗೆ ಹೇಗಿದೆ ಅಂತ ಕೇಳಿದೆ. "ನಿಮ್ಮ ಗಿಡ ಆರಾಮ ಐತ್ರಿ" ಅಂದರು. ಜೊತೆಗೆ ಆ ಚಿಗುರಿನ ಫೋಟೋ. ಕೇಳದೆ ಇದ್ದರೂ ಇನ್ನೊಂದು ಸಲ "ಆರಾಮ ಐತ್ರಿ". ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಿತ್ತು ಆ ದನಿ.

ವಿಶಾಖಪಟ್ಟಣಕ್ಕೆ ಬೆಳಗಿನ ರೈಲು ಹತ್ತಿದೆವು. ಮಗಳು ಕಾಲೇಜಲ್ಲಿ ಈ ಗಿಡ, ಇಂಗಾಲದ ವಿಷಯವನ್ನೇ ಓದುತ್ತಾಳೆ, ದಾರಿಯುದ್ದಕ್ಕೂ ನನಗೆ ಪಾಠ. "ಕಾಕಾ ಹೇಳಿದ್ದು ಪೂರ್ತಿ ಸುಳ್ಳಲ್ಲಮ್ಮಾ. ಎಳೆ ತೋಪು ಬೇಗ ಬೇಗ ಎಳ್ಕೊಳ್ಳುತ್ತೆ. ಆದ್ರೆ ಹಳೇ ಮರ ಇಷ್ಟು ವರ್ಷದ್ದು ಮೈಯಲ್ಲಿ ಇಟ್ಕೊಂಡಿರುತ್ತೆ, ಬುಡದ ಮಣ್ಣಲ್ಲೂ ಇರುತ್ತೆ. ಕಡಿದು ಸುಟ್ರೆ ಮರದಲ್ಲಿರೋದು ವಾಪಸ್ ಗಾಳಿಗೆ. ಹೊಸ ಗಿಡ ಅಷ್ಟನ್ನ ತುಂಬಿಕೊಡೋಕೇ ಎಷ್ಟೋ ವರ್ಷ ಬೇಕು."

"ಅಷ್ಟು ವರ್ಷ ಸರ್ವೆ ಬಿಡ್ತಾರೇನೇ? ಕೈಗೆ ಸಿಗೋ ಅಷ್ಟು ದಪ್ಪ ಆಗ್ತಿದ್ದ ಹಾಗೆ ಕಡಿದು ಕಟ್ಟಡದ ಸಾರುವೆಗೆ ಮಾರ್ತಾರೆ."

"ಅದೇ ಪ್ರಾಬ್ಲಮ್."

"ಕಣಜಕ್ಕೆ ಬೆಂಕಿ ಇಟ್ಟು ಬಿತ್ತನೆಗೆ ಹೊರಟ ಹಾಗಾಯ್ತು ಹಾಗಾದ್ರೆ." ಅವಳು ನಕ್ಕು, ಪರೀಕ್ಷೆಯಲ್ಲಿ ಇದನ್ನೇ ಬರೀತೀನಿ ಅಂದಳು.

ತೋಪಿನ ಬಾಗಿಲಲ್ಲೇ ಕಾಕಾ ನಿಂತಿದ್ದರು. ಕೈ ಮುಗಿದರು, ಮಗಳ ತಲೆ ಸವರಿದರು, ನನ್ನ ಮುಖ ಮಾತ್ರ ನೋಡಲಿಲ್ಲ. ಮೊದಲು ಮರ ನೋಡ್ತೀನಿ ಅಂದೆ. "ಮದಲ ಊಟ ಮಾಡ್ರಿ ಅಕ್ಕಾರ, ಹಸದು ಬಂದೀರಿ. ಗಿಡ ಎಲ್ಲಿ ಓಡಿ ಹೊಕ್ಕೇತಿ?" ಅಂತ ಪಂಕ್ತಿಯಲ್ಲಿ ಕೂರಿಸಿಯೇ ಬಿಟ್ಟರು. ನನ್ನ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ ಅಲ್ಲವೇ? ಆದರೂ ಹಸಿದಿದ್ದೆ, ಉಂಡೆ. ಸೌದೆ ಒಲೆಯ ಬಿಸಿಬೇಳೆಭಾತು, ಪುಳಿಹೋರ. ಚೆನ್ನಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.

ಕೈ ತೊಳೆದವಳು ಯಾರಿಗೂ ಹೇಳದೆ ಹಿಂಭಾಗಕ್ಕೆ ನಡೆದೆ. ಮೊದಲ ಸಾಲಿನ ಹಳೆಯ ಮರ ಒಂದೂ ಇರಲಿಲ್ಲ. ನೆಲ ಉತ್ತು, ನೂಲು ಹಿಡಿದು ಗುಂಡಿ ತೋಡಿದ್ದರು. ನಮ್ಮ ಹೊಂಗೆಯ ಜಾಗದಲ್ಲಿ ಮೊಣಕಾಲೆತ್ತರದ ಮೋಟು. ಕೈ ಇಟ್ಟೆ. ಒಣಗಿತ್ತು.

ಹಿಂದೆಯೇ ಒಬ್ಬ ಹುಡುಗಿ ಮಗು ಎತ್ತಿಕೊಂಡು ಓಡಿ ಬಂದಳು, ಮಂಡ್ಯ ಕಡೆಯವಳು, ಬ್ಯಾಂಕಿನವನ ಹೆಂಡತಿ. "ಆಂಟಿ, ಈ ಮರದ ಚಾರ್ಜ್ ನಮ್ ಹತ್ರ ಇತ್ತು. ದಸರಾ ಹೊತ್ತಲ್ಲಿ ಕಡೀಲಾ ಅಂತ ಕೇಳುದ್ರು, ಹೂಂ ಅಂದ್ಬುಟ್ಟೆ. ಯಾರ್ದು ಅಂತ ನಂಗೆ ಯಾರೂ ಹೇಳ್ಲೇ ಇಲ್ಲ." ಅವಳು ಅಳುವುದರಲ್ಲಿದ್ದಳು. ಅವಳ ಮೇಲೆ ಏನು ಸಿಟ್ಟು ಮಾಡಲಿ? ನನಗೆ ಮರದ ಚಾರ್ಜ್ ಕೊಡೋದು ಗೊತ್ತಿತ್ತು. ಗಂಡನ ಚಾರ್ಜ್ ಹೇಗೆ ಕೊಡೋದು ಅಂತ ಯಾರು ಹೇಳಿಕೊಟ್ಟಿದ್ದರು?

ಕಾಕಾ ದೂರದಲ್ಲೇ ನಿಂತಿದ್ದರು.

"ಆ ಫೋಟೋ ಯಾವಾಗಿನದು?"

"ಹ್ವಾದ ಯುಗಾದಿದು. ನಿಮಗ ಹೇಳಾಕ ಬಾಯಿ ಬರಲಿಲ್ರಿ. ಸಾಲು ನೆಟ್ಟಗ ಇರಬೇಕು ಅಂದ್ರು ಕಂಪನಿಯವರು, ಒಂದ ಜಾತಿ ಇರಬೇಕು ಅಂದ್ರು. ನಾ ಒಂದು ಪೈಸಾ ಮುಟ್ಟಿಲ್ಲ, ನಮ್ಮವ್ವನ ಆಣಿ."

ಅದು ನಿಜ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ನನಗೆ ಅನುಮಾನ ಬರಲಿಲ್ಲ, ಅದೂ ಸಿಟ್ಟು ಮಾಡೋಕೆ ಅನುಮಾನ ಬೇಕಿದ್ದ ಹೊತ್ತಲ್ಲಿ.

"ಕಟ್ಟಿಗೆ ಎಲ್ಲಿ, ಕಾಕಾ?"

ಮಗಳು ನನ್ನ ತೋಳು ಹಿಡಿದುಕೊಂಡಳು. ಅವಳ ಕಣ್ಣು ಹೋದ ಕಡೆ ನಾನೂ ನೋಡಿದೆ. ಅಡುಗೆಯವರು ಒಲೆಯಿಂದ ಕೊಳ್ಳಿ ಎಳೆದು ನೀರು ಹಾಕುತ್ತಿದ್ದರು. ಪಕ್ಕದಲ್ಲಿ ಸೀಳಿದ ಹೊಂಗೆ ಸೌದೆ ಸ್ವಲ್ಪ ಉಳಿದಿತ್ತು. ಅಯ್ಯೋ ನನ್ನ ಹೊಟ್ಟೆಯೇ! ನನ್ನ ಗಂಡ ನೆಟ್ಟ ದಿನದಿಂದ ಆ ಮರ ಮೈಯಲ್ಲಿ ಕೂಡಿಟ್ಟದ್ದು ಒಂದೇ ಬೆಳಗಿನಲ್ಲಿ ಹೊಗೆಯಾಗಿ ಹೋಗಿತ್ತು, ಆ ಒಲೆಯ ಊಟವನ್ನು ನಾನು ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ.

ಕಾಕಾ ಹತ್ತಿರ ಬಂದರು. ಕೈಯಲ್ಲಿ ಒಂದು ಸರ್ವೆ ಸಸಿ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಆದದ್ದು ಆತು. ನಿಮ್ಮ ಯಜಮಾನರ ಹೆಸರಿಲೆ ಇಲ್ಲೇ ಇದನ್ನ ಹಚ್ಚೂಣು. ಎಳೀದು, ಲಗೂನ ಬೆಳಿತೈತಿ. ಹಳೇದನ್ನ ಮರತ ಬಿಡ್ತೀರಿ."

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು. "ಅವರು ಹೋದ ಹದಿಮೂರನೇ ದಿನ ಊರಲ್ಲಿ ದೊಡ್ಡವರೆಲ್ಲ ಸೇರಿ ನಂಗೂ ಇದನ್ನೇ ಹೇಳಿದ್ರು, ಕಾಕಾ. ಇನ್ನೂ ಎಳೇ ವಯಸ್ಸು, ಇನ್ನೊಂದು ಮದುವೆ ಆಗು, ಹಳೇದು ಮರೆತುಹೋಗುತ್ತೆ ಅಂತ."