ಕೇತಮ್ಮ ಹಾಕಿದ ಷರತ್ತು

ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಮೊನ್ನೆ ಒಂದು ಗಾಡಿಯ ಮೇಲೆ ಮಣ್ಣು ಮೆತ್ತಿದ ಗೆಣಸುಗಳಿದ್ದವು. ಪಕ್ಕದ ರಟ್ಟಿನಲ್ಲಿ ‘ಕಾಡುಗೆಣಸು, ರೋಗನಿರೋಧಕ’ ಎಂದು ಬರೆದಿತ್ತು. ಒಂದನ್ನೆತ್ತಿ ಮೂಸಿದೆ, ನಗು ಬಂತು. ಗಾಡಿಯವನು ಅನುಮಾನದಿಂದ ನೋಡಿದ. ನೀವೇ ಹೇಳಿ, ಗೆಣಸು ಮೂಸಿ ನಗುವ ಮುದುಕಿಯನ್ನು ಯಾರು ನಂಬುತ್ತಾರೆ?

ನಕ್ಕದ್ದು ಮಾದೇವಿಯನ್ನು ನೆನೆದು. ಕೊರೋನಾ ಬಂದಾಗ ವೈಯಾಲಿಕಾವಲ್‌ನ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದಿದ್ದ ನರ್ಸ್ ಅವಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು. ‘ಸೋಲಿಗರು ಕಾಡಿನಲ್ಲಿ ವಾಸಿಸುತ್ತಾರೆ, ಜೇನು ಸಂಗ್ರಹಿಸುತ್ತಾರೆ’ ಎಂದು ವರ್ಷವರ್ಷವೂ ಎರಡೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಒಬ್ಬರನ್ನೂ ಕಂಡಿರಲಿಲ್ಲ. ಹಾಗಾಗಿ ಮಾದೇವಿ ಮೆಟ್ಟಿಲಿಳಿದಾಗಲೆಲ್ಲ ನನ್ನ ಕಣ್ಣು ಅವಳ ಚೀಲದ ಮೇಲೆ. ಯಾವುದಾದರೂ ಬೇರು ಇರಬಹುದೇ?

ಕಾಡಿನ ಹುಡುಗಿ ಬಂದಿದ್ದಾಳೆಂದು ಬೀದಿಗೆಲ್ಲ ಹೇಳಿದವಳೂ ನಾನೇ. ಕಷಾಯ ಕುಡಿದು ಕುಡಿದು ಹೊಟ್ಟೆ ಉರಿಸಿಕೊಂಡಿದ್ದ ನೆರೆಯವರು ಅವಳನ್ನು ಕಂಡಕೂಡಲೇ ಮಾಸ್ಕ್ ಇಳಿಸಿ, ದನಿ ತಗ್ಗಿಸಿ, ಕಾಡಿನ ಔಷಧಿ ಕೇಳತೊಡಗಿದರು. ಮಾಸ್ಕ್ ಏರಿಸಿಕೊಳ್ಳಿ ಎಂದು ಹೇಳಿ ಹೇಳಿ ಅವಳಿಗೂ ಸಾಕಾಗಿರಬೇಕು. ಒಂದು ಬೆಳಿಗ್ಗೆ ನನಗೆ ಹಸಿರು ಪುಡಿಯ ಪೊಟ್ಟಣ ಕೊಟ್ಟಳು. ಒಂದು ವಾರ ಭಕ್ತಿಯಿಂದ ನೆಕ್ಕಿದ ಮೇಲೆ, ನಮ್ಮ ಹಿತ್ತಲಿನ ನುಗ್ಗೆಮರದ ಕೆಳಗಿನ ಕೊಂಬೆಗಳೆಲ್ಲ ಬೋಳಾಗಿರುವುದು ಕಣ್ಣಿಗೆ ಬಿತ್ತು.

ಕೇಳಿದರೆ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಂದಳು: “ಆರು ವರ್ಷಕ್ಕೇ ಹಾಸ್ಟೆಲ್‌ಗೆ ಹಾಕಿದ್ರು ಮೇಡಂ. ಬೇರು, ಗೆಣಸು ಎಲ್ಲ ನಮ್ಮವ್ವಂಗೆ ಗೊತ್ತು. ನಂಗೆ ಗೊತ್ತಿರೋದು ಪ್ಯಾರಾಸಿಟಮಾಲ್.”

ಆ ಅವ್ವ ಕೇತಮ್ಮ, ಬೆಟ್ಟದ ಪೋಡಿನಲ್ಲಿ, ಅಂದರೆ ಅವರ ಹಾಡಿಯಲ್ಲಿ ಇದ್ದಳು. ಮೊದಲ ಲಾಕ್‌ಡೌನಿನಲ್ಲಿ ಅವರು ದಾರಿಗೆ ಮುಳ್ಳು ಹಾಕಿ, ರೇಷನ್ ಬಾರದಿದ್ದಾಗ ಗೆಣಸು ಅಗೆದು ತಿಂದು, ನಮಗಿಂತ ಗಟ್ಟಿಯಾಗಿಯೇ ಇದ್ದರು. ತೊಂದರೆಯಾದದ್ದು ಲಸಿಕೆ ಬಂದ ಮೇಲೆ. ಆರೋಗ್ಯ ಇಲಾಖೆಯ ಜೀಪು ಕಂಡದ್ದೇ ಪೋಡಿನವರು ಕಾಡಿಗೆ ಓಡಿದರಂತೆ. ಸಕ್ಕರೆ ಕಾಯಿಲೆಯ ಕೇತಮ್ಮ ಎಲ್ಲರಿಗಿಂತ ಮುಂದೆ. ಸೂಜಿ ಚುಚ್ಚಿಸಿಕೊಂಡವರು ಎರಡೇ ವರ್ಷದಲ್ಲಿ ಸಾಯುತ್ತಾರೆ ಎಂದು ಯಾರದೋ ಮೊಬೈಲಿಗೆ ಬಂದಿತ್ತು. ಮಾದೇವಿ ಅಳುತ್ತಾ ತನ್ನ ಫೋನ್ ನನ್ನ ಮುಂದೆ ಹಿಡಿದಳು.

“ಇದೇ ಮೆಸೇಜು. ನೀವೂ ಕಳ್ಸಿದ್ರಿ ಮೇಡಂ.”

ಕಳಿಸಿದ್ದೆ. ಕೆಳಗೆ ಮೂರು ಕೈಮುಗಿದ ಚಿತ್ರ ಬೇರೆ. ನಾನೂ ಚುಚ್ಚಿಸಿಕೊಂಡಿರಲಿಲ್ಲ, ಒಮ್ಮೆ ಮಂಡಿನೋವು, ಒಮ್ಮೆ ಅಮಾವಾಸ್ಯೆ.

ಮರ್ಯಾದೆ ಉಳಿಸಿಕೊಳ್ಳಲು ಕೇತಮ್ಮನಿಗೆ ಫೋನಿನಲ್ಲಿ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ: “ನೀ ಹಾಕಿಸ್ಕಂಡ್ಯಾ, ಟೀಚ್ರಮ್ಮ?” ನಾನು ಕೆಮ್ಮಿದೆ. “ಮೊದ್ಲು ನೀ ಹಾಕಿಸ್ಕ. ಹತ್ತು ದಿನ ನೋಡ್ತೀನಿ.”

ಮರುದಿನವೇ ಕಣ್ಣು ಮುಚ್ಚಿ ತೋಳು ಒಡ್ಡಿದೆ. ಆಮೇಲೆ ಹತ್ತು ದಿನ ನನ್ನ ಹಾಜರಿ ತೆಗೆದುಕೊಂಡವಳು ಕೇತಮ್ಮ. ಏನು ತಿಂದೆ, ಎಷ್ಟು ತಿಂದೆ ಎಂದು ವಿಚಾರಿಸಿ, ನಡೆದ ಸದ್ದು ಕೇಳಿಸು ಎನ್ನುವಳು. ಫೋನನ್ನು ನೆಲದ ಹತ್ತಿರ ಹಿಡಿದು, ಚಪ್ಪಲಿ ಸದ್ದು ಮಾಡುತ್ತಾ ನಡುಮನೆಯಲ್ಲಿ ಸುತ್ತು ಹೊಡೆಯುತ್ತಿದ್ದೆ. ಎರಡನೇ ದಿನ ಜ್ವರ ಬಂದದ್ದನ್ನು ಮುಚ್ಚಿಡೋಣವೆಂದುಕೊಂಡೆ, ಮಾದೇವಿ ಬಿಡಲಿಲ್ಲ. ನಿಜ ಹೇಳಿದೆ. ಕೇತಮ್ಮ, ಗಂಜಿ ಕುಡಿ ಎಂದಳು.

ಹನ್ನೊಂದನೇ ದಿನ ಅವಳೇ ಜೀಪಿನ ಹತ್ತಿರ ಹೋದಳು, ಹಿಂದೆ ಅರ್ಧ ಪೋಡು. ಅವಳ ಅಣ್ಣ ಮಾತ್ರ ಒಪ್ಪಲಿಲ್ಲ. ಆ ಮಳೆಗಾಲದಲ್ಲೇ ಕೊರೋನಾ ತಗುಲಿ ತೀರಿಕೊಂಡ. ಆ ಮೆಸೇಜು ಅವನಿಗೆ ಮುಟ್ಟಿದ್ದು ನನ್ನಿಂದಲ್ಲ ಎಂದು ಮಾದೇವಿ ಸಮಾಧಾನ ಹೇಳಿದಳು. ನಾನು ಇನ್ನೆಷ್ಟು ಜನಕ್ಕೆ ಕಳಿಸಿದ್ದೆ ಎಂದು ಅವಳಿಗೆ ಹೇಳಲಿಲ್ಲ.

ಮಾದೇವಿ ಈಗಲೂ ನಮ್ಮ ಮಹಡಿಯಲ್ಲೇ ಇದ್ದಾಳೆ. ರಜೆ ಸಿಕ್ಕಾಗ ಅವ್ವನ ಹಿಂದೆ ನೋಟ್‌ಬುಕ್ ಹಿಡಿದು ಕಾಡು ಸುತ್ತುತ್ತಾಳೆ. ಮೊನ್ನೆ ಗೆಣಸು ಕೊಳ್ಳದೆ ಮನೆಗೆ ಬಂದ ನಾನು ಆ ಪುಸ್ತಕ ಕೇಳಿ ಪಡೆದೆ. ಪುಟದ ತುಂಬ ಬೇರು, ಸೊಪ್ಪುಗಳ ಚಿತ್ರ, ನಾನು ಎಂದೂ ಕೇಳದ ಹೆಸರುಗಳು. ಕಾಗುಣಿತ ತಪ್ಪಿದೆಯೆನಿಸಿ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು.

“ಅವ್ವ ಹಂಗೇ ಅನ್ನೋದು,” ಎಂದಳು ಮಾದೇವಿ.

ಪೆನ್ನು ಕೆಳಗಿಟ್ಟು, ಬರೆದಿದ್ದಂತೆಯೇ ಜೋರಾಗಿ ಓದಿದೆ. ಎರಡು ಕಡೆ ನನ್ನ ಉಚ್ಚಾರ ತಪ್ಪಿತು. ತಿದ್ದಿದಳು. ಮತ್ತೆ ಓದಿದೆ.